ಒಗರು ನೀರಿನ ಕಥೆ

ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯ ಹಿತ್ತಿಲ ಜಗಲಿಗೆ ತಿಂಗಳಿಗೊಮ್ಮೆ ಕ್ಷೌರಿಕ ಬರುತ್ತಿದ್ದ. ಅವನ ಹಡಪದಲ್ಲಿ ಕತ್ತಿ, ಕತ್ತರಿ, ಹಿತ್ತಾಳೆಯ ಬಟ್ಟಲು, ಕತ್ತಿ ಮಸೆಯುವ ಚರ್ಮದ ಪಟ್ಟಿ ಇವುಗಳ ನಡುವೆ ಕಲ್ಲುಸಕ್ಕರೆಯಂತೆ ಹೊಳೆಯುವ ಒಂದು ಪಟಿಕದ ಉಂಡೆ ಇರುತ್ತಿತ್ತು. ಅಪ್ಪನ ಗಲ್ಲದಲ್ಲಿ ಕತ್ತಿ ಎಲ್ಲಿಯಾದರೂ ತಾಗಿ ರಕ್ತ ಜಿನುಗಿದರೆ ಅದನ್ನು ನೀರಿನಲ್ಲಿ ಅದ್ದಿ ಉಜ್ಜುತ್ತಿದ್ದ, ರಕ್ತ ನಿಲ್ಲುತ್ತಿತ್ತು. ಅದೇ ಪಟಿಕದ ಇನ್ನೊಂದು ತುಂಡು ಅಡಿಗೆಮನೆಯಲ್ಲಿ ಅಮ್ಮನ ವಶದಲ್ಲಿತ್ತು. ಮಳೆಗಾಲದ ಮೊದಲಲ್ಲಿ ಹೊಳೆಗೆ ಹೊಸನೀರು ಬಂದು ಕೊಡದ ತುಂಬ ಕೆಂಪು ರಾಡಿ ತುಂಬಿದಾಗ ಅಮ್ಮ ಅದನ್ನು ನೀರಿನಲ್ಲಿ ನಾಲ್ಕು ಸುತ್ತು ತಿರುಗಿಸಿ ತೆಗೆದಿಡುತ್ತಿದ್ದಳು. ಬೆಳಗಾಗುವ ಹೊತ್ತಿಗೆ ರಾಡಿ ತಳಕ್ಕೆ ಕುಳಿತು ಮೇಲೆ ತಿಳಿನೀರು ನಿಂತಿರುತ್ತಿತ್ತು. ಕದ್ದು ನೆಕ್ಕಿ ನೋಡಿದವರಿಗೆ ಅದರ ರುಚಿ ಗೊತ್ತು: ಮೊದಲು ಒಂದಿಷ್ಟು ಸಿಹಿ, ಕೂಡಲೆ ನಾಲಗೆಯನ್ನು ಹಿಡಿದೆಳೆದು ಮುದುಡಿಸುವ ಒಗರು.

ಆ ಒಗರಿನ ಹಿಂದೆ ಹೋಗುವಂತೆ ನನ್ನನ್ನು ಪ್ರೇರಿಸಿದ್ದು ಪಟಿಕವಲ್ಲ, ನನ್ನ ಅಣ್ಣನ ಕಿವಿ. ಅಣ್ಣ ಊರ ಕೆರೆಯಲ್ಲಿ ಈಜಿ ಬೆಳೆದವನು. ಹತ್ತು ಹನ್ನೊಂದರ ವಯಸ್ಸಿನಲ್ಲಿ ಅವನ ಎಡಗಿವಿ ಸೋರತೊಡಗಿತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಳ್ಳೆಣ್ಣೆಯನ್ನು ಅಜ್ಜಿ ಬಿಟ್ಟಳು. ನೋವು ಎರಡು ದಿನ ತಗ್ಗಿತು, ಸೋರುವುದು ನಿಲ್ಲಲಿಲ್ಲ. ಯಾರೋ ಹೇಳಿದರೆಂದು ಎಲೆಯ ರಸ ಬಿಟ್ಟರು, ಇನ್ನಾರೋ ಹೇಳಿದರೆಂದು ಬಿಸಿ ಉಪ್ಪಿನ ಗಂಟು ಒತ್ತಿದರು. ಪೇಟೆಯ ವೈದ್ಯರ ಬಳಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಎರಡು ಮಳೆಗಾಲ ಕಳೆದಿದ್ದವು. ಕಿವಿಯ ತಮಟೆ ಹರಿದಿದೆ ಎಂದು ಅವರು ಹೇಳಿದರು. ಅಂದಿನಿಂದ ಇಂದಿನವರೆಗೆ ಅಣ್ಣ ಯಾವ ಪಂಕ್ತಿಯಲ್ಲಿ ಕುಳಿತರೂ ಎಡದ ಕೊನೆಯ ಎಲೆಯನ್ನು ಆರಿಸಿಕೊಳ್ಳುತ್ತಾನೆ. ಮಾತನಾಡುವವರೆಲ್ಲ ಅವನ ಬಲಕ್ಕಿರಬೇಕು.

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿರುವ ನಮ್ಮ ಬಳಗದ ಹುಡುಗನೊಬ್ಬ ರಜೆಗೆ ಬಂದಾಗ ಅವನ ಔಷಧದ ಚೀಲದಲ್ಲಿ ಸಣ್ಣ ಕಾಗದದ ಪೊಟ್ಟಣಗಳನ್ನು ಕಂಡೆ. ಹೆಸರು ಡೊಮೆಬೊರೊ. ಅಲ್ಲಿ ಇದನ್ನು ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಳ್ಳಬಹುದು. ಪುಡಿಯನ್ನು ನೀರಿನಲ್ಲಿ ಕಲಸಿ, ಬಟ್ಟೆಯನ್ನು ಅದ್ದಿ, ತುರಿಕೆಯಿರುವ ಅಥವಾ ನೀರೊಸರುವ ಚರ್ಮದ ಮೇಲೆ ಹಾಕಬೇಕು. ಆ ದೇಶದ ಕಾಡುಗಳಲ್ಲಿ ಪಾಯಿಸನ್ ಐವಿ ಎಂಬ ಬಳ್ಳಿಯಿದೆ, ಸೋಕಿದರೆ ಬೊಬ್ಬೆಯೇಳುತ್ತದೆ. ಅದಕ್ಕೆ ಇದು ಮನೆಮದ್ದಿನಂತೆ. (ಆ ಬಳ್ಳಿ ನಮ್ಮ ಗೇರು, ಕರಿಗೇರುಗಳ ಕುಲದ್ದೇ. ಗೇರುಸೊನೆ ತಾಗಿ ಮುಖ ಊದಿಸಿಕೊಂಡ ಮಲೆನಾಡಿನವರಿಗೆ ಇದರ ಪ್ರತಾಪವನ್ನು ಬಣ್ಣಿಸಬೇಕಾಗಿಲ್ಲ.) ಪೊಟ್ಟಣದ ಹಿಂಬದಿಯನ್ನು ಓದಿದೆ. ಅಲ್ಯೂಮಿನಿಯಂ ಸಲ್ಫೇಟ್ 1347 ಮಿಲಿಗ್ರಾಂ, ಕ್ಯಾಲ್ಸಿಯಂ ಅಸಿಟೇಟ್ 952 ಮಿಲಿಗ್ರಾಂ. ಮೊದಲನೆಯದು ಪಟಿಕದ ತಿರುಳು. ಎರಡನೆಯದು ಸುಣ್ಣವೂ ವಿನಿಗರ್‌ನ ಹುಳಿಯೂ ಕೂಡಿದ ಲವಣ. ಕ್ಷೌರಿಕನ ಹಡಪ ಸಮುದ್ರ ದಾಟಿ ಹೋಗಿ ಹೊಸ ಅಂಗಿ ತೊಟ್ಟು ಬಂದಂತೆ ನನಗೆ ತೋರಿತು. ಇದೇ ವಸ್ತುವಿನ ದ್ರವಕ್ಕೆ ಇನ್ನಷ್ಟು ವಿನಿಗರ್ ಹುಳಿ ಸೇರಿಸಿ ಕಿವಿಗೆ ಬಿಡುವ ಹನಿಯನ್ನೂ ಮಾಡುತ್ತಾರೆಂದು ಆಮೇಲೆ ತಿಳಿಯಿತು.

ನಮ್ಮವರು ರುಚಿಗಳನ್ನು ಆರೆಂದು ಎಣಿಸಿದರು. ಆರನೆಯದಾದ ಒಗರಿಗೆ ಸಂಸ್ಕೃತದಲ್ಲಿ ಕಷಾಯವೆಂದು ಹೆಸರು. ನಾವು ಕುಡಿಯುವ ಕಷಾಯವೂ ಅದೇ ಮಾತು. ತೊಗಟೆ, ಕಾಯಿಗಳನ್ನು ಕುದಿಸಿ ಇಳಿಸಿದ ಒಗರು ನೀರು. ಸಂನ್ಯಾಸಿಯು ಉಡುವ ಕಾಷಾಯವಸ್ತ್ರದ ಹೆಸರೂ ಅಲ್ಲಿಂದಲೇ ಬಂದದ್ದು. ಅಂಥ ಒಗರು ನೀರಿನಲ್ಲಿ ಅದ್ದಿ ಬಣ್ಣಗೊಳಿಸಿದ ಬಟ್ಟೆ ಅದು. ರುಚಿ, ಮದ್ದು, ಬಣ್ಣ ಈ ಮೂರಕ್ಕೂ ಒಂದೇ ಶಬ್ದವನ್ನಿಟ್ಟವರು ಸುಮ್ಮನೆ ಇಡಲಿಲ್ಲವೆಂದು ನನಗೆ ಅನ್ನಿಸುತ್ತದೆ. ಒಗರಿನ ಗುಣ ಹಿಡಿಯುವುದು. ನಾಲಗೆಯ ಮೇಲಿನ ಲೋಳೆಯಲ್ಲಿರುವ ಪ್ರೋಟೀನನ್ನು ಹಿಡಿದು ಗಟ್ಟಿಮಾಡುವುದರಿಂದ ಬಾಯಿ ಒಣಗಿದಂತಾಗುತ್ತದೆ. ಗಾಯದ ಮೇಲೆ ಅದೇ ಕೆಲಸ ನಡೆದರೆ ಒಸರುವ ಮೈ ಬಿಗಿದು ತೆಳುವಾದ ಪೊರೆಯೊಂದು ಕಟ್ಟುತ್ತದೆ. ನೂಲಿನ ಮೇಲೆ ನಡೆದರೆ ಬಣ್ಣ ನೂಲನ್ನು ಬಿಡದೆ ನಿಲ್ಲುತ್ತದೆ.

ಬಣ್ಣದ ಮಾತನ್ನು ಇಲ್ಲಿ ಸ್ವಲ್ಪ ಬೆಳೆಸಬೇಕಾಗಿದೆ; ಏಕೆಂದರೆ ಈ ಔಷಧದ ಹಿರಿಯರು ಇದ್ದದ್ದು ಬಣ್ಣಗಾರರ ಕೇರಿಯಲ್ಲಿ. ಹತ್ತಿಯ ಬಟ್ಟೆ ಸುಲಭವಾಗಿ ಬಣ್ಣ ಹಿಡಿಯುವುದಿಲ್ಲ. ಹಿಡಿಸುವ ಗುಟ್ಟು ನಮ್ಮ ದೇಶದವರಿಗೆ ಬಹು ಹಿಂದೆಯೇ ತಿಳಿದಿತ್ತು. ಕೋರಮಂಡಲ ತೀರದ ಚೀಟಿ ಬಟ್ಟೆಯವರು ಬಟ್ಟೆಯನ್ನು ಮೊದಲು ಅಳಲೆಕಾಯಿಯ ಒಗರಿನಲ್ಲೂ ಎಮ್ಮೆಯ ಹಾಲಿನಲ್ಲೂ ನೆನೆಸಿ ಒಣಗಿಸುತ್ತಿದ್ದರು. ಕೆಂಪು ಎಲ್ಲಿ ಬೇಕೋ ಅಲ್ಲಿ ಪಟಿಕದ ನೀರಿನಿಂದ ಹೂ ಬಳ್ಳಿಗಳನ್ನು ಬರೆಯುತ್ತಿದ್ದರು. ಪಟಿಕದ ನೀರಿಗೆ ಬಣ್ಣವಿಲ್ಲ, ಬರೆದದ್ದು ಕಾಣುವುದಿಲ್ಲ. ಅದಕ್ಕಾಗಿ ಪತಂಗದ ಚಕ್ಕೆಯ ರಸವನ್ನು ತುಸು ಬೆರೆಸಿಕೊಳ್ಳುತ್ತಿದ್ದರು. ಆಮೇಲೆ ಇಡೀ ಬಟ್ಟೆಯನ್ನು ಚಾಯ್ ಬೇರಿನ ಹಂಡೆಯಲ್ಲಿ ಕುದಿಸಿದರೆ ಪಟಿಕ ಬಿದ್ದ ಜಾಗ ಮಾತ್ರ ಕೆಂಪಾಗಿ ಉಳಿದು ಬೇರೆಡೆಯ ಬಣ್ಣ ಒಗೆದಾಗ ಬಿಟ್ಟುಹೋಗುತ್ತಿತ್ತು. ಈಜಿಪ್ಟಿನವರೂ ಹೀಗೆಯೇ ಏನೋ ಮಾಡುತ್ತಾರೆಂದು ರೋಮಿನ ಪ್ಲಿನಿ ಒಂದನೆಯ ಶತಮಾನದಲ್ಲೇ ಬೆರಗುಗೊಂಡು ಬರೆದಿದ್ದಾನೆ.

ಈ ಚೀಟಿ ಬಟ್ಟೆಗಳು ಯೂರೋಪಿಗೆ ಹೋದಾಗ ಅಲ್ಲಿನ ನೇಕಾರರ ಹೊಟ್ಟೆಗೆ ಹೊಡೆತ ಬಿದ್ದಿತು. ಫ್ರಾನ್ಸ್ 1686ರಲ್ಲಿ ಇವುಗಳನ್ನು ನಿಷೇಧಿಸಿತು; ಇಂಗ್ಲೆಂಡು 1700ರಲ್ಲಿ ಒಂದು ಕಾಯಿದೆ, 1721ರಲ್ಲಿ ಇನ್ನೊಂದು ಕಾಯಿದೆ ಮಾಡಿತು. ನಿಷೇಧ ಒಂದು ಕಡೆ, ಗುಟ್ಟು ತಿಳಿಯುವ ಹಂಬಲ ಇನ್ನೊಂದು ಕಡೆ. 1742ರಲ್ಲಿ ಕ್ಯೋರ್ದು ಎಂಬ ಫ್ರೆಂಚ್ ಜೆಸ್ಯುಯಿಟ್ ಪಾದ್ರಿ ಚೀಟಿಯವರ ಕೆಲಸವನ್ನು ವಿಚಾರಿಸಿ ತಿಳಿದು ದೀರ್ಘವಾದ ಕಾಗದ ಬರೆದು ತನ್ನ ದೇಶಕ್ಕೆ ಕಳುಹಿಸಿದ. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್‌ಗಳಿಗೂ ಇರುವ ನಂಟನ್ನು ವಿಲಿಯಂ ಜೋನ್ಸನಿಗಿಂತ ಮೊದಲು ಗುರುತಿಸಿದ್ದವನೂ ಇವನೇ. ಭಾಷೆಯ ಇತಿಹಾಸಕಾರರು ಅವನನ್ನು ಅದಕ್ಕಾಗಿ ನೆನೆಯುತ್ತಾರೆ, ಬಟ್ಟೆಯ ಇತಿಹಾಸಕಾರರು ಇದಕ್ಕಾಗಿ. ಯೂರೋಪಿನ ಅಚ್ಚುಗಾರರು ಪಟಿಕವನ್ನು ಹಾಗೆಯೇ ಬಳಸದೆ ಅದರೊಡನೆ ಸೀಸದ ಸಕ್ಕರೆಯನ್ನು ಬೆರೆಸಿದರು. ಬಿಳಿಯ ಗಷ್ಟು ತಳಕ್ಕೆ ಇಳಿದು ಮೇಲೆ ಉಳಿದ ತಿಳಿದ್ರವ ಪಟಿಕಕ್ಕಿಂತ ಚೆನ್ನಾಗಿ ನೂಲನ್ನು ಹಿಡಿಯಿತು. ಕೆಂಪು ಬಣ್ಣಕ್ಕೆ ಒದಗುವುದರಿಂದ ಅದಕ್ಕೆ ಕೆಂಪು ದ್ರವವೆಂದೇ ಹೆಸರಾಯಿತು. ರಸಾಯನದ ಭಾಷೆಯಲ್ಲಿ ಅದು ಅಲ್ಯೂಮಿನಿಯಂ ಅಸಿಟೇಟ್.

ಪಟಿಕಕ್ಕಾಗಿ ನಡೆದ ರಾಜಕಾರಣವೇ ಒಂದು ಗ್ರಂಥವಾದೀತು. ತುರ್ಕರು 1453ರಲ್ಲಿ ಕಾನ್‌ಸ್ಟಾಂಟಿನೋಪಲನ್ನು ಹಿಡಿದ ಮೇಲೆ ಏಷ್ಯಾ ಮೈನರಿನ ಪಟಿಕದ ಗಣಿಗಳು ಅವರ ಕೈಯಲ್ಲಾದವು. ಅಲ್ಲಿ ಬಣ್ಣದ ವ್ಯಾಪಾರ ಮಾಡಿ ಕಳೆದುಕೊಂಡು ಬಂದಿದ್ದ ಜೊವಾನಿ ದ ಕಾಸ್ತ್ರೊ ಎಂಬವನು ಕೆಲವು ವರ್ಷಗಳ ಬಳಿಕ ರೋಮಿನ ಸಮೀಪದ ತೋಲ್ಫಾ ಬೆಟ್ಟಗಳಲ್ಲಿ ಅಲೆಯುತ್ತಿದ್ದಾಗ ಆ ಗಣಿಗಳ ಸುತ್ತ ಕಂಡಿದ್ದಂಥದೇ ಗಿಡಗಳನ್ನು ಕಂಡು ಅನುಮಾನಪಟ್ಟು ನೆಲ ಅಗೆಸಿದ, ಪಟಿಕ ಸಿಕ್ಕಿತು. ಪೋಪ್ ಎರಡನೆಯ ಪಯಸ್ ಆ ಆದಾಯವನ್ನು ತುರ್ಕರ ಮೇಲಿನ ಧರ್ಮಯುದ್ಧಕ್ಕೆ ಮೀಸಲಿಟ್ಟ. ತುರ್ಕರ ಪಟಿಕ ಕೊಳ್ಳುವುದು ಕ್ರೈಸ್ತರಿಗೆ ಪಾಪವೆನಿಸಿತು. ಇಂಗ್ಲೆಂಡು ಪೋಪನಿಂದ ಬೇರೆಯಾದ ಮೇಲೆ ಯಾರ್ಕ್‌ಷೈರಿನ ಕಡಲಂಚಿನ ಕಲ್ಲನ್ನು ಸುಟ್ಟು ಸ್ವಂತ ಪಟಿಕ ತೆಗೆಯತೊಡಗಿತು. ಅದನ್ನು ಹರಳುಗಟ್ಟಿಸಲು ಲಂಡನ್ನಿನಿಂದ ಹಡಗಿನಲ್ಲಿ ಮನುಷ್ಯರ ಮೂತ್ರವನ್ನು ತರಿಸಿಕೊಳ್ಳುತ್ತಿದ್ದರು. ಇಷ್ಟು ಸಾಕು.

ಸೀಸದ ಸಕ್ಕರೆಯೆಂದೆನಲ್ಲ, ಈ ಕಥೆಯ ವಿಷ ಅದು. ಸೀಸವನ್ನು ವಿನಿಗರ್‌ನಲ್ಲಿ ಕರಗಿಸಿದರೆ ಬರುವ ಬಿಳಿಯ ಹರಳು ನಿಜವಾಗಿ ಸಿಹಿ. ರೋಮನರು ದ್ರಾಕ್ಷಿಯ ರಸವನ್ನು ಸೀಸದ ಪಾತ್ರೆಗಳಲ್ಲಿ ಕಾಸಿ ಇಳಿಸಿ ಮದ್ಯಕ್ಕೆ ಬೆರೆಸುತ್ತಿದ್ದರು. ರಸವಾದಿಗಳಿಗೆ ಸೀಸ ಶನಿಯ ಲೋಹ. ನಮ್ಮ ಜೋಯಿಸರು ಶನಿಗೆ ಕಬ್ಬಿಣವನ್ನು ಕೊಟ್ಟರೆ ಅವರು ಸೀಸವನ್ನು ಕೊಟ್ಟರು. ಫ್ರಾನ್ಸಿನ ಮೋಂಪೆಲಿಯೆ ನಗರದ ಶಸ್ತ್ರವೈದ್ಯ ತೊಮಾ ಗೂಲಾರ್ ಎಂಬವನು ಸೀಸದ ಬೂದಿಯನ್ನು ವಿನಿಗರ್‌ನಲ್ಲಿ ಕುದಿಸಿ ಒಂದು ಮದ್ದನ್ನು ಮಾಡಿ ‘ಶನಿಯ ಸಾರ’ವೆಂದು ಕರೆದ. 1760ರಲ್ಲಿ ಅದರ ಮೇಲೆ ಗ್ರಂಥವನ್ನೂ ಬರೆದ. ಉಳುಕು, ಊತ, ಸುಟ್ಟಗಾಯ, ಕಣ್ಣುಬೇನೆ, ಹುಣ್ಣು ಎಲ್ಲಕ್ಕೂ ಅದೇ ಮದ್ದು. ಒಗರಿದ್ದುದರಿಂದ ಅದು ಊತವನ್ನು ಇಳಿಸುತ್ತಿತ್ತೆಂಬುದು ಸುಳ್ಳಲ್ಲ. ಜನ ನಂಬಿದ್ದು ಅದಕ್ಕಾಗಿಯೇ. ಹಾಲೂಡಿಸುವ ತಾಯಂದಿರು ಬಿರಿದ ಮೊಲೆತೊಟ್ಟಿಗೂ ಸೀಸದ ನೀರನ್ನು ಹಚ್ಚಿಕೊಂಡರು. ಮಗುವಿನ ಬಾಯಿಗೆ ಹೋಗುವುದು ಏನೆಂದು ಅವರಿಗೆ ಹೇಳುವವರು ಯಾರು?

ಹೇಳಿದವರು ಇರಲಿಲ್ಲವೆಂದಲ್ಲ. 1767ರಲ್ಲಿ ಇಂಗ್ಲೆಂಡಿನ ಜಾರ್ಜ್ ಬೇಕರ್ ಎಂಬ ವೈದ್ಯ ಡೆವನ್ ಪ್ರಾಂತದ ಹೊಟ್ಟೆಶೂಲೆಯ ಕಾರಣವನ್ನು ಬಯಲು ಮಾಡಿದ. ಅಲ್ಲಿಯವರು ಸೇಬಿನ ಮದ್ಯ ಕುಡಿಯುವವರು; ಸೇಬು ಹಿಂಡುವ ಗಾಣಗಳಲ್ಲಿ ಕಲ್ಲಿನ ಸಂದುಗಳಿಗೆ ಸೀಸ ಹೊಯ್ದಿದ್ದರು. ಹುಳಿರಸ ಸೀಸವನ್ನು ಕರಗಿಸಿಕೊಂಡು ಹೊಟ್ಟೆಗೆ ಒಯ್ಯುತ್ತಿತ್ತು. ಅವನ ಮಾತಿಗೆ ಊರಿನಲ್ಲಿ ಬೈಗಳೇ ಸಿಕ್ಕಿದವು. 1839ರಲ್ಲಿ ಫ್ರಾನ್ಸಿನ ತಾಂಕರೆಲ್ ದೆ ಪ್ಲಾಂಶ್ ಸುಮಾರು 1200 ರೋಗಿಗಳನ್ನು ಕಂಡು ಸೀಸದ ಕಾಯಿಲೆಗಳ ಬಗ್ಗೆ ದೊಡ್ಡ ಗ್ರಂಥ ಬರೆದ. ಶೂಲೆ, ಕೈ ಜೋಲುಬೀಳುವಿಕೆ, ಮತಿಭ್ರಮಣೆ ಎಲ್ಲವೂ ಅದರಲ್ಲಿ ಬಂದವು. ಆದರೂ ಗೂಲಾರನ ನೀರು ಬ್ರಿಟಿಷ್ ಔಷಧಕೋಶದಿಂದ ಇಪ್ಪತ್ತನೆಯ ಶತಮಾನದವರೆಗೂ ಕಾಲ್ತೆಗೆಯಲಿಲ್ಲ. ಗುಣ ಕಣ್ಣಿಗೆ ಕೂಡಲೆ ಕಾಣುತ್ತದೆ, ಕೇಡು ವರ್ಷಗಳ ಮೇಲೆ ಬರುತ್ತದೆ. ಇಂಥ ಮದ್ದನ್ನು ಜನರ ಕೈಯಿಂದ ಬಿಡಿಸುವುದು ಬಹಳ ಕಷ್ಟ. ನಮ್ಮ ಗಂಧಿಗೆ ಅಂಗಡಿಗಳ ಮುಲಾಮುಗಳಲ್ಲಿ ಸೀಸ ಇರಲಿಲ್ಲವೆಂದು ನಾವು ಬೀಗುವಂತಿಲ್ಲ. ನಾಗಸಿಂಧೂರವೂ ಮೃದ್ದಾರಶೃಂಗವೂ ಸೀಸವೇ.

ಈಗ ಬೂರೊ ಬರುತ್ತಾನೆ. ಕಾರ್ಲ್ ಆಗಸ್ಟ್ ಬೂರೊ 1809ರಲ್ಲಿ ಪ್ರಷ್ಯದ ಎಲ್ಬಿಂಗ್ ಪಟ್ಟಣದಲ್ಲಿ ಹುಟ್ಟಿ, ಕೋನಿಗ್ಸ್‌ಬರ್ಗಿನಲ್ಲಿ ಓದಿ, ಅಲ್ಲೇ ಶಸ್ತ್ರವೈದ್ಯನೂ ಕಣ್ಣಿನ ವೈದ್ಯನೂ ಆಗಿ ಬಾಳಿ, 1874ರಲ್ಲಿ ಅಲ್ಲೇ ತೀರಿಕೊಂಡ. ತತ್ತ್ವಜ್ಞಾನಿ ಕಾಂಟನ ಊರು ಅದು. ಎಲ್ಬಿಂಗ್ ಇಂದು ಪೋಲೆಂಡಿನಲ್ಲಿದೆ. ಕೋನಿಗ್ಸ್‌ಬರ್ಗ್ 1946ರಿಂದ ರಷ್ಯದ ಕಲಿನಿನ್‌ಗ್ರಾಡ್ ಆಗಿದೆ. ಊರುಗಳ ಹೆಸರು ಅಳಿದರೂ ಇವನ ಹೆಸರು ಎರಡು ಕಡೆ ಉಳಿದಿದೆ. ಒಂದು, ಶಸ್ತ್ರವೈದ್ಯರ ‘ಬೂರೊ ತ್ರಿಕೋನ’. ಚರ್ಮವನ್ನು ಎಳೆದು ಗಾಯಕ್ಕೆ ಹೊದಿಸುವಾಗ ಬದಿಯಲ್ಲಿ ನೆರಿಗೆ ಬೀಳುತ್ತದೆ. ಅಲ್ಲಿ ಒಂದು ತ್ರಿಕೋನವನ್ನು ಕತ್ತರಿಸಿ ತೆಗೆದರೆ ನೆರಿಗೆ ಬೀಳದು. ಒಳ್ಳೆಯ ದರ್ಜಿ ಮಾಡುವ ಕೆಲಸ. ಇನ್ನೊಂದು ನಮ್ಮ ಒಗರು ನೀರು.

ಅವನು ಗಾಯವನ್ನು ಮುಚ್ಚಿಡುವುದಕ್ಕೆ ವಿರೋಧಿ. ಲಿಸ್ಟರನು 1865ರಲ್ಲಿ ಕಾರ್ಬಾಲಿಕ್ ಆಮ್ಲದ ಪ್ರಯೋಗ ನಡೆಸುವುದಕ್ಕೆ ಮೊದಲಿನ ಆಸ್ಪತ್ರೆಗಳನ್ನು ನೆನೆಯಿರಿ: ಕೀವು ಹತ್ತಿದ ಪಟ್ಟಿಗಳು, ಒಬ್ಬನ ಗಾಯದಿಂದ ಇನ್ನೊಬ್ಬನ ಗಾಯಕ್ಕೆ ಹೋಗುವ ಸ್ಪಂಜು. ಕಾಲು ಕತ್ತರಿಸಿದ ಗಾಯವನ್ನೂ ಪಟ್ಟಿ ಕಟ್ಟದೆ ತೆರೆದಿಟ್ಟು ಒಣಗಿಸಬೇಕೆಂದು ವಾದಿಸಿದ ಕೆಲವರಲ್ಲಿ ಬೂರೊ ಒಬ್ಬ. ರೋಗಾಣುಗಳ ಸುದ್ದಿ ಗೊತ್ತಿಲ್ಲದೆಯೇ ಅವನು ಹಿಡಿದದ್ದು ಸರಿಯಾದ ದಾರಿ: ಒಸರುವುದನ್ನು ನಿಲ್ಲಿಸು, ಹೊಲಸನ್ನು ಕಟ್ಟಿಡಬೇಡ.

ಅವನ ದ್ರವದ ಪಾಕ ಇಷ್ಟೇ. ಪಟಿಕವನ್ನು ನೀರಿನಲ್ಲಿ ಕರಗಿಸು, ಸೀಸದ ಸಕ್ಕರೆಯನ್ನು ನೀರಿನಲ್ಲಿ ಕರಗಿಸು, ಎರಡನ್ನೂ ಕೂಡಿಸು. ಪಟಿಕದಲ್ಲಿರುವ ಗಂಧಕದ ಆಮ್ಲದ ಪಾಲು ಸೀಸವನ್ನು ಹಿಡಿದುಕೊಂಡು ನೀರಿನಲ್ಲಿ ಕರಗದ ಬಿಳಿಯ ಗಷ್ಟಾಗಿ ತಳಕ್ಕೆ ಇಳಿಯುತ್ತದೆ. ವಿನಿಗರ್‌ನ ಪಾಲು ಅಲ್ಯೂಮಿನಿಯಂನೊಡನೆ ನೀರಿನಲ್ಲಿ ಉಳಿಯುತ್ತದೆ. ಸೋಸಿ ತೆಗೆದುಕೋ. ಅಂದರೆ ಬಣ್ಣಗಾರನ ಕೆಂಪು ದ್ರವದ ಪಾಕವೇ ವೈದ್ಯನ ಮೇಜಿನ ಮೇಲೆ ಬಂದು ಕುಳಿತಿತು. ಅದರ ಹೆಚ್ಚುಗಾರಿಕೆ ನನಗೆ ತೋರುವುದು ಇಲ್ಲಿ: ಗೂಲಾರನು ಸೀಸವನ್ನೇ ಮದ್ದೆಂದು ಹಚ್ಚಿದ; ಬೂರೊ ಸೀಸದಿಂದ ಕೆಲಸ ಮಾಡಿಸಿಕೊಂಡು ಅದನ್ನು ಹೊರಗೆ ಹಾಕಿದ. ಪೂರ್ತಿ ಹೋಗುತ್ತಿರಲಿಲ್ಲ, ಅಂಶಮಾತ್ರ ನೀರಿನಲ್ಲಿ ಉಳಿಯುತ್ತಿತ್ತು. ಹಿಂದೆ ಬಂದ ಔಷಧಕೋಶಗಳು ಸೀಸದ ಜಾಗದಲ್ಲಿ ಸುಣ್ಣವನ್ನು ತಂದವು. ಡೊಮೆಬೊರೊ ಪೊಟ್ಟಣದಲ್ಲಿರುವುದು ಆ ಪಾಕವೇ. ಅಲ್ಲಿ ತಳಕ್ಕೆ ಕೂರುವ ಬಿಳಿಯ ಪುಡಿ ಬರಿಯ ಜಿಪ್ಸಂ.

ಜರ್ಮನಿಯ ಮನೆಗಳಲ್ಲಿ ಈ ದ್ರವ ‘ವಿನಿಗರ್ ಹುಳಿಯ ಜೇಡಿ’ ಎಂಬ ಅರ್ಥದ ಹೆಸರಿನಿಂದ ಉಳುಕಿಗೂ ಕೀಟದ ಕಡಿತಕ್ಕೂ ಒದ್ದೆ ಪಟ್ಟಿಯಾಗಿ ಬಳಕೆಗೆ ಬಂತು. ಅದರ ಮೂಲರೂಪದಲ್ಲಿ ನೂರಕ್ಕೆ ಸುಮಾರು 5 ಭಾಗ ಅಲ್ಯೂಮಿನಿಯಂ ಅಸಿಟೇಟ್ ಇರುತ್ತದೆ. ಚರ್ಮಕ್ಕಾದರೆ ಅದನ್ನು ಹತ್ತರಿಂದ ನಲವತ್ತು ಪಾಲು ತೆಳ್ಳಗೆ ಮಾಡುತ್ತಾರೆ. ಅಮೆರಿಕದ ಸರ್ಕಾರ ಅಂಗಡಿಯಲ್ಲಿ ಮಾರಲು ಒಪ್ಪಿರುವುದೂ ನೂರಕ್ಕೆ 0.13ರಿಂದ 0.5ರವರೆಗೆ, ಅಂದರೆ ಅದೇ ಲೆಕ್ಕ. ಒಸರುವ ಚರ್ಮವನ್ನು ಒಣಗಿಸಲು ಒದ್ದೆ ಬಟ್ಟೆ ಹಾಕುವುದು ವಿಚಿತ್ರವಾಗಿ ಕಂಡೀತು. ಬಟ್ಟೆಯ ನೀರು ಆರುತ್ತ ಆರುತ್ತ ಚರ್ಮವನ್ನು ತಣಿಸುತ್ತದೆ, ಒಸರನ್ನು ಹೀರುತ್ತದೆ. ಆದ್ದರಿಂದಲೇ ಮೇಲೆ ಪ್ಲಾಸ್ಟಿಕ್ ಹೊದಿಸಬಾರದೆಂದು ಪೊಟ್ಟಣದ ಮೇಲೆ ಅಚ್ಚು ಹಾಕಿರುತ್ತಾರೆ.

ಕಿವಿಯಲ್ಲಿ ಅದರ ಕೆಲಸ ಇನ್ನೂ ಸೂಕ್ಷ್ಮ. ಆರೋಗ್ಯವಾದ ಕಿವಿಯ ನಾಳ ತುಸು ಹುಳಿಯಾಗಿರುತ್ತದೆ. ನೀರು ನಿಂತು ಆ ಹುಳಿ ತೊಳೆದುಹೋದರೆ ರೋಗಾಣುಗಳೂ ಬೂಷ್ಟೂ ಬೆಳೆಯುತ್ತವೆ. ಎಣ್ಣೆ ಬಿಟ್ಟ ಬೆಚ್ಚನೆಯ ಕಿವಿ ಮಳೆಗಾಲದಲ್ಲಿ ಬೂಷ್ಟಿಗೆ ಒಳ್ಳೆಯ ಮನೆ. ಹುಳಿಯೂ ಒಗರೂ ಕೂಡಿದ ನೀರು ಹುಳಿಯನ್ನು ಹಿಂತಿರುಗಿಸಿ ಊತವನ್ನು ಇಳಿಸುತ್ತದೆ. ಪೆನಿಸಿಲಿನ್ ಮೊದಲಾದವು ಬಂದ ಮೇಲೆ ಇದನ್ನು ಮುದಿಯೆಂದು ಮೂಲೆಗೆ ಸರಿಸಿದರು. ಆದರೆ ಆ ಹೊಸ ಮದ್ದುಗಳಿಗೆ ಜಗ್ಗದ ರೋಗಾಣುಗಳು ಹುಟ್ಟಿಕೊಂಡಾಗ ಮತ್ತೆ ಇದರ ನೆನಪಾಯಿತು. 1998ರಲ್ಲೂ 2000ದಲ್ಲೂ ದಕ್ಷಿಣ ಆಫ್ರಿಕದ ಕೇಪ್‌ಟೌನಿನ ವೈದ್ಯರು ಸೋರುಗಿವಿಯ ಮೇಲೆ ಬೂರೊ ದ್ರವದ ಶಕ್ತಿಯನ್ನು ಪರೀಕ್ಷಿಸಿ ಫಲ ಕಂಡರು; ಜಪಾನಿನಲ್ಲೂ ಹಟಮಾರಿ ರೋಗಾಣುಗಳಿರುವ ಕಿವಿಗೆ ಬಳಸಿದ್ದಾರೆ. ಇದು ಅಗ್ಗ, ಹಳ್ಳಿಯ ಔಷಧಾಲಯದಲ್ಲೂ ಮಾಡಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2004ರಲ್ಲಿ ಹೊರತಂದ ವರದಿ ಪ್ರಪಂಚದಲ್ಲಿ ಸೋರುಗಿವಿಯವರು 6.5 ಕೋಟಿಯಿಂದ 33 ಕೋಟಿಯವರೆಗೆ ಇದ್ದಾರೆಂದು ಅಂದಾಜು ಮಾಡಿತು. ಅವರಲ್ಲಿ ನೂರಕ್ಕೆ 60 ಮಂದಿಯ ಕಿವಿ ಮಂದವಾಗಿರುತ್ತದೆ. ಈ ಕಾಯಿಲೆ ಅತಿ ಹೆಚ್ಚಾಗಿರುವ ನಾಡುಗಳ ಪಟ್ಟಿಯಲ್ಲಿ ಭಾರತವೂ ಇತ್ತು.

ಒಂದು ಎಚ್ಚರಿಕೆ. ಕೇಳಿದವರು ಪಟಿಕವನ್ನು ಕುಟ್ಟಿ ಕಿವಿಗೆ ಸುರಿದುಕೊಳ್ಳಬಾರದು. ಪೊಟ್ಟಣದ ಪುಡಿ ಚರ್ಮಕ್ಕೆ ಮಾತ್ರ. ಕಿವಿಯ ತಮಟೆ ಹರಿದಿದೆಯೋ ಇಲ್ಲವೋ ಎಂಬುದನ್ನು ನೋಡಬಲ್ಲವನು ವೈದ್ಯ. ಹನಿ ಬಿಡಬೇಕೋ ಬೇಡವೋ ಎಂದು ಹೇಳಬೇಕಾದವನೂ ಅವನೇ.

ಅಣ್ಣನಿಗೆ ಈಗ ಎಂಬತ್ತು ದಾಟಿದೆ. ಕಾಲಿನ ಮೇಲೆ ಇಸುಬಿನಂಥ ತುರಿಕೆ ಕಾಡುತ್ತಿತ್ತು. ವೈದ್ಯರು ಆಗಬಹುದೆಂದ ಮೇಲೆ ಆ ಹುಡುಗ ಬಿಟ್ಟುಹೋಗಿದ್ದ ಪೊಟ್ಟಣವೊಂದನ್ನು ಗಾಜಿನ ಜಾಡಿಯ ನೀರಿಗೆ ಸುರಿದು ಕಲಕಿ ಕಿಟಕಿಯ ಬಳಿ ಇಟ್ಟೆ. ನೀರು ಹಾಲಿನಂತೆ ಬೆಳ್ಳಗಾಗಿ, ಸ್ವಲ್ಪ ಹೊತ್ತಿಗೆ ತಳದಲ್ಲಿ ಪುಡಿ ಕೂರತೊಡಗಿತು. ಅಮ್ಮ ಹೊಸನೀರಿಗೆ ಪಟಿಕ ತಿರುಗಿಸುತ್ತಿದ್ದುದು ನೆನಪಿದೆಯೇ ಎಂದು ಕೇಳಿದೆ. ನಾನು ಅವನ ಎಡಕ್ಕೆ ನಿಂತಿದ್ದೆ. ಅವನು ಜಾಡಿಯನ್ನೇ ನೋಡುತ್ತಿದ್ದ. ಸುತ್ತಿ ಬಂದು ಬಲಕ್ಕೆ ನಿಂತು ಇನ್ನೊಮ್ಮೆ ಕೇಳಿದೆ.

“ನೆನಪಿಲ್ಲದೆ ಏನು? ನೆಕ್ಕಿದ್ದಕ್ಕೆ ಪೆಟ್ಟು ತಿಂದವನು ನಾನಲ್ಲವೇನೋ” ಎಂದ. ಆಮೇಲೆ ಪಂಚೆಯನ್ನು ಮೊಣಕಾಲಿಗೆ ಎತ್ತಿಕೊಂಡು ಕಾಲು ಚಾಚಿದ.